ಆತುರ ಸನ್ಯಾಸಕ್ಕೆ ಕಾವೇರಿಯ ಒಪ್ಪಿಗೆ

ಹೋದ ತಿಂಗಳು ಬಸ್ರೂರಿನಿಂದ ಇಬ್ಬರು ಅಣ್ಣತಮ್ಮಂದಿರು ಕೊಲ್ಲೂರಿಗೆ ಬಂದು, ನಾನಿರುವ ಛತ್ರದ ಕೋಣೆಯನ್ನು ಹುಡುಕಿ ನನ್ನೆದುರು ಕೂತರು. ಅವರ ತಂದೆಗೆ ಹೊಟ್ಟೆಯಲ್ಲಿ ಗಡ್ಡೆ. ನೋವು ತಡೆಯಲಾರದೆ 'ನನ್ನನ್ನು ಕಳಿಸಿಕೊಡಿ' ಎಂದು ದಿನವೂ ಕೂಗುತ್ತಾರಂತೆ. ಆತುರ ಸನ್ಯಾಸ ಕೊಡಿಸಿದರೆ ಜೀವ ಹಗುರವಾಗಿ ಹೋಗುತ್ತದೆಂದು ಯಾರೋ ಹೇಳಿದ್ದಾರೆ. ಅದನ್ನು ತೆಗೆದುಕೊಂಡೂ ಸಾಯದೆ ಉಳಿದವನು ಈ ಸೀಮೆಯಲ್ಲಿ ನಾನೊಬ್ಬನೇ ಆದ್ದರಿಂದ ನನ್ನನ್ನೇ ಕೇಳಲು ಬಂದಿದ್ದರು. ಕೊಡಿಸಿ ಎನ್ನಲು ಬಾಯಿ ಬರಲಿಲ್ಲ, ಬೇಡ ಎನ್ನಲೂ ಬರಲಿಲ್ಲ. ನನಗಾದದ್ದನ್ನಷ್ಟೇ ಹೇಳಿ ಕಳಿಸಿದೆ. ಅವರು ಹೋದ ಮೇಲೆ ಇದನ್ನು ಬರೆದಿಡೋಣ ಎನಿಸಿತು. ಕಾಯಿಲೆ ಬಿದ್ದವನಾಗಲಿ, ಅವನ ಮಂಚದ ಪಕ್ಕ ಕೂತವಳಾಗಲಿ ಇದನ್ನು ಓದಿ, ಇಂಥ ಯೋಚನೆ ಬಂದದ್ದು ನಮಗೊಬ್ಬರಿಗೇ ಅಲ್ಲ ಎಂದುಕೊಂಡರೆ ಸಾಕು.

ಆತುರ ಸನ್ಯಾಸವೆಂದರೆ ಸಾಯುವ ಹೊತ್ತಿಗೆ ಮಲಗಿದಲ್ಲೇ ಸನ್ಯಾಸ ಸ್ವೀಕರಿಸುವುದು. ಜನಿವಾರ, ಜುಟ್ಟು, ಮನೆ, ಹೆಂಡತಿ ಎಲ್ಲವನ್ನೂ ಬಿಟ್ಟೆ ಎಂದು ಹೇಳಿದರೆ ಮುಗಿಯಿತು. ಸತ್ತರೆ ಮೋಕ್ಷ. ಬದುಕಿದರೆ ಕೊನೆಯುಸಿರಿನ ತನಕ ಸನ್ಯಾಸಿ, ಹಿಂದೆ ಬರುವ ದಾರಿಯಿಲ್ಲ. ಕೋರ್ಟಿನ ಕಣ್ಣಿಗೂ ಸನ್ಯಾಸಿ ಸತ್ತವನ ಹಾಗೆಯೇ, ಆಸ್ತಿಪಾಸ್ತಿಯ ಹಕ್ಕು ಹೋಗುತ್ತದೆ. ಒಂದು ಬಗೆಯ ಸಾವಿಗೆ ನಮ್ಮಲ್ಲಿ ಮೊದಲೇ ಕಾನೂನಿತ್ತು ಎನ್ನಬೇಕು. 'ಬದುಕಿದರೆ' ಎಂಬ ಮಾತಿನ ಬಗ್ಗೆ ಮಾತ್ರ ನಮ್ಮ ಮನೆಯಲ್ಲಿ ಯಾರೂ ಒಂದು ಗಳಿಗೆ ಕೂತು ಯೋಚಿಸಲಿಲ್ಲ. ಪಾಠ ಹೇಳುವ ಮೇಷ್ಟ್ರಾಗಿದ್ದ ನಾನೂ ಯೋಚಿಸಲಿಲ್ಲ.

ಯುದ್ಧ ನಡೆಯುತ್ತಿದ್ದ ವರ್ಷಗಳವು. ನನಗೆ ಇಪ್ಪತ್ತೊಂಬತ್ತು. ಮನೆ ಸಾಲಿಗ್ರಾಮದ ಹತ್ತಿರ, ಕೆಲಸ ಬ್ರಹ್ಮಾವರದ ಪ್ರಾಥಮಿಕ ಶಾಲೆಯಲ್ಲಿ. ದಿನವೂ ಮಾಬುಕಳದ ಹೊಳೆಯನ್ನು ದೋಣಿಯಲ್ಲಿ ದಾಟಿ ಹೋಗಿಬರುತ್ತಿದ್ದೆ. ಮನೆಯಲ್ಲಿ ಅಣ್ಣಯ್ಯ, ಅತ್ತಿಗೆ, ಅವರ ಇಬ್ಬರು ಹೆಣ್ಣುಮಕ್ಕಳು, ನಾನು ಮತ್ತು ನನ್ನ ಹೆಂಡತಿ ಕಾವೇರಿ. ಅವಳ ತವರು ಬೈಂದೂರಿನ ಬದಿ. ಮದುವೆಯಾಗಿ ನಾಲ್ಕು ವರ್ಷವಾಗಿತ್ತು, ಮಕ್ಕಳಿರಲಿಲ್ಲ. ಅವಳಿಗೆ ನಗು ತಡೆಯಲು ಬರುತ್ತಿರಲಿಲ್ಲ. ಅತ್ತಿಗೆ ಗದರಿದರೆ ಸೆರಗು ಬಾಯಿಗೆ ಒತ್ತಿಕೊಂಡು ಬಾವಿಕಟ್ಟೆಗೆ ಓಡಿ, ಅಲ್ಲಿ ನಿಂತು ನಕ್ಕು ಮುಗಿಸಿ ಬರುತ್ತಿದ್ದಳು.

ಒಂದು ಬೇಸಿಗೆ ರಜೆಯಲ್ಲಿ ಬಲಗಡೆಯ ಪಕ್ಕೆಲುಬಿನ ಕೆಳಗೆ ನೋವು ಶುರುವಾಯಿತು. ಸಂಜೆಯಾದರೆ ನಡುಗಿ ಜ್ವರ ಬರುವುದು, ಬೆವರಿ ಬಿಡುವುದು. ಬ್ರಹ್ಮಾವರದ ಪಂಡಿತರೊಬ್ಬರ ಕಷಾಯ ಮೂರು ವಾರ ಕುಡಿದೆ. ನೋವು ಭುಜಕ್ಕೆ ಏರಿತು. ಬಲಕ್ಕೆ ಹೊರಳಿದರೆ ಕೂಗಬೇಕು, ಎಡಕ್ಕೆ ಹೊರಳಿದರೆ ಉಸಿರು ಸಿಕ್ಕುವುದಿಲ್ಲ. ಮಳೆಗಾಲ ಹಿಡಿಯುವ ಹೊತ್ತಿಗೆ ಮೈಯಲ್ಲಿ ಎಲುಬು, ಚರ್ಮ ಬಿಟ್ಟು ಬೇರೇನೂ ಉಳಿದಿರಲಿಲ್ಲ. ಪೆಟ್ರೋಲಿಲ್ಲದ ಕಾಲ. ಇದ್ದಿಲ ಗ್ಯಾಸಿನಲ್ಲಿ ಓಡುವ ಬಸ್ಸಿನ ಹಿಂದಿನ ಸೀಟಿನಲ್ಲಿ ನನ್ನನ್ನು ಮಲಗಿಸಿಕೊಂಡು ಅಣ್ಣಯ್ಯ ಕುಂದಾಪುರಕ್ಕೆ ತಂದ. ಏರು ಬಂದಾಗೆಲ್ಲ ಬಸ್ಸು ನಿಲ್ಲುವುದು, ಜನ ಇಳಿದು ನೂಕುವುದು. ಕಾವೇರಿಯೂ ಇಳಿದು ನೂಕಿದಳೆಂದು ಆಮೇಲೆ ಗೊತ್ತಾಯಿತು.

ಆರು ಮಂಚದ ಖಾಸಗಿ ಆಸ್ಪತ್ರೆ ಅದು. ಡಾಕ್ಟರು ಅರವತ್ತರ ಹತ್ತಿರದವರು, ಮಾತು ಕಡಿಮೆ. ಹೊಟ್ಟೆ ಒತ್ತಿ ನೋಡಿದರು, ಬೆರಳಿನಿಂದ ತಟ್ಟಿ ಕೇಳಿದರು, ಮರುದಿನ ಮತ್ತೆ ನೋಡಿದರು. ಆಮೇಲೆ ಅಣ್ಣಯ್ಯನನ್ನು ಜಗಲಿಗೆ ಕರೆದುಕೊಂಡು ಹೋದರು. ನನ್ನ ಮಂಚ ಜಗಲಿಯ ಕಿಟಕಿಗೆ ತಾಗಿತ್ತು.

"ಲಿವರಿನಗೆ ಗಡ್ಡೆ ಇತ್ತ್. ಗಟ್ಟಿ ಇತ್ತ್. ಒಂದ್ ತಿಂಗ್ಳ್, ಹೆಚ್ಚಂದ್ರೆ ಎರಡ್ ತಿಂಗ್ಳ್. ನೋವಿಗೆ ಸೂಜಿ ಕೊಡ್ತೆ, ಬೇರೆಂತ ಮಾಡುಕೂ ನನ್ನತ್ರ ಆತಿಲ್ಲೆ."

ಅಣ್ಣಯ್ಯ ಒಳಗೆ ಬಂದು "ಬೇಗ ಗುಣ ಆತ್ ಅಂತ್ರ್" ಎಂದ. ನಾನು ಹೌದೆಂದು ತಲೆಯಾಡಿಸಿದೆ. ಸುಳ್ಳು ಹೇಳಿ ಅಭ್ಯಾಸವಿಲ್ಲದ ಮನುಷ್ಯ, ಅಷ್ಟಕ್ಕೇ ಬೆವರಿಹೋಗಿದ್ದ.

ಆಸ್ಪತ್ರೆಯಲ್ಲಿ ನನಗೆ ಸಿಕ್ಕಿದ ದಯೆಗಳು ಸಣ್ಣವು. ಗುಡಿಸಲು ಬರುವ ದಾರು ಎಂಬ ಮುದುಕಿ, ಬಿಸಿಲು ನನ್ನ ಮುಖಕ್ಕೆ ಬರುವ ಹೊತ್ತನ್ನು ತಾನೇ ಗಮನಿಸಿಕೊಂಡು, ಯಾರೂ ಹೇಳದೆ ಕಿಟಕಿಗೆ ಗೋಣಿ ಇಳಿಬಿಡುತ್ತಿದ್ದಳು. ಪಕ್ಕದ ಮಂಚದಲ್ಲಿ ತ್ರಾಸಿಯ ಶೀನಪ್ಪನೆಂಬ ಅಂಗಡಿಯವನಿದ್ದ. ಗಂಟಲಲ್ಲಿ ಹುಣ್ಣು, ಮಾತು ನಿಂತುಹೋಗಿತ್ತು. ಸ್ಲೇಟಿನ ಮೇಲೆ ಬರೆದು ಮಾತಾಡುತ್ತಿದ್ದ. ನನ್ನ ಅಕ್ಷರ ಒಳ್ಳೆಯದೋ ಅವನದೋ ಎಂದು ನಾವಿಬ್ಬರೂ ಪಂದ್ಯ ಕಟ್ಟಿದ್ದೆವು. ಮೇಷ್ಟ್ರಿಗೆ ನಾಚಿಕೆಯಾಗಬೇಕು, ಅವನದೇ ಚೆಂದವಿತ್ತು.

ಕಾವೇರಿ ಹಗಲಿರುಳು ನನ್ನ ಪಕ್ಕ ಸ್ಟೂಲಿನ ಮೇಲೆ ಕೂತಿರುತ್ತಿದ್ದಳು. ಬೀಸಣಿಗೆ ನಿಂತರೆ ನನಗೆ ಉಸಿರು ಕಟ್ಟಿದಂತಾಗಿ ಗೊಣಗುತ್ತಿದ್ದೆ. ಒಂದು ಮಧ್ಯಾಹ್ನ ಬೀಸುತ್ತ ಬೀಸುತ್ತಲೇ ತೂಕಡಿಸಿ, ತಲೆ ಮಂಚದ ಕಬ್ಬಿಣದ ಪಟ್ಟಿಗೆ ಹೊಡೆದು ಹುಬ್ಬು ಸೀಳಿತು. ರಕ್ತ ಕೆನ್ನೆಗಿಳಿಯುತ್ತಿದ್ದರೂ ಅವಳು ಮೊದಲು ಬೀಸಣಿಗೆ ಹುಡುಕಿದಳು. ಅವಳಿಗೆ ಇಪ್ಪತ್ತೆರಡು ವರ್ಷ. ಇವಳನ್ನು ಇನ್ನೂ ಎರಡು ತಿಂಗಳು ಹೀಗೆ ಅರೆಯಬಾರದು ಎಂದು ಅವತ್ತೇ ನಿಶ್ಚಯಿಸಿದೆ. ನೋವು ಇದ್ದದ್ದು ಹೌದು. ಆದರೆ ನನ್ನನ್ನು ನೂಕಿದ್ದು ನೋವಲ್ಲ, ಅವಳ ಹುಬ್ಬಿನ ಆ ಗಾಯ. ಇದನ್ನು ಅವಳಿಗೆ ಮಾತ್ರ ಹೇಳಲಿಲ್ಲ.

ಮರುದಿನ ಬೆಳಿಗ್ಗೆ ಅವಳು ಬಟ್ಟೆ ಒಗೆಯಲು ಹೋದಾಗ ಡಾಕ್ಟರನ್ನು ಕೇಳಿದೆ.

"ಡಾಕ್ಟ್ರೇ, ಮತ್ತೆ ಏಳದ ಹಾಂಗೆ ಮಲ್ಗೂಕೆ ಎಂತಾರೂ ಕೊಡಿ. ನಿಮ್ಗೆ ಪುಣ್ಯ ಬತ್ತ್."

ಅವರು ಸ್ಟೂಲ್ ಎಳೆದುಕೊಂಡು ಕೂತರು. ಅಷ್ಟು ದಿನದಲ್ಲಿ ಅವರು ಕೂತದ್ದನ್ನು ನೋಡಿರಲಿಲ್ಲ.

"ಕೊಟ್ರೆ ನಂಗ್ ಜೈಲ್. ಅದ್ ಇರ್ಲಿ. ವಿಲಾಯ್ತಿ ಬದಿಯಗೆ ಇದಕ್ಕೊಂದ್ ಕಾನೂನ್ ಬೇಕ್ ಅಂತ ಕೆಲವ್ರ್ ವಾದ ಮಾಡ್ತ್ರ್, ಪೇಪರಿನಗೆ ಓದಿದ್ದೆ. ಇಬ್ರ್ ಡಾಕ್ಟ್ರ್ ಕಾಣ್ಕ್, ರೋಗಿ ಬರ್ದ್ ಕೊಡ್ಕ್, ಸಾಕ್ಷಿ ಬೇಕ್, ಕೆಲವ್ ದಿನ ಕಾಯ್ಕ್ ಅಂತೆಲ್ಲ. ಓದುವಾಗ ಸರಿ ಅಂತ ಕಾಣ್ತ್. ಈ ಮಂಚದ ಹತ್ರ ಬಂದ್ರೆ ಕೈ ಏಳ್ತಿಲ್ಲೆ ಮಾರಾಯ್ರೆ. ನಂಗ್ ಆತಿಲ್ಲೆ."

ಶೀನಪ್ಪ ಎಲ್ಲವನ್ನೂ ಕೇಳಿಸಿಕೊಂಡಿದ್ದ. ಸ್ಲೇಟಿನ ಮೇಲೆ ಗುಂಡಗೆ 'ನಂಗೂ' ಎಂದು ಬರೆದು ಡಾಕ್ಟರ ಮುಖಕ್ಕೆ ಹಿಡಿದ. ಡಾಕ್ಟರು ಅದನ್ನು ಓದಿ ಎದ್ದು ಹೋದರು.

ನಾನು ಅಣ್ಣಯ್ಯನ ಹತ್ತಿರ ಅತ್ತೆ. ಅವನೂ ಅತ್ತ. ಎರಡು ದಿನ ಬಿಟ್ಟು ಊರಿನ ಪುರೋಹಿತರನ್ನು ಕರೆತಂದ. "ಡಾಕ್ಟ್ರ್ ಕೊಡ್ದಿದ್ರೆ ಬೇಡ, ಶಾಸ್ತ್ರ ಕೊಡತ್ ಕಾಣ್" ಎಂದ. ಸನ್ಯಾಸ ಆದ ಮೇಲೆ ಔಷಧ ಬೇಡ, ಅನ್ನ ಬೇಡ, ಬರೀ ನೀರು. ದೇಹ ತಾನಾಗಿ ಬಿಟ್ಟುಹೋಗುತ್ತದೆ. ತಮ್ಮ ಸುಖವಾಗಿ ಹೋಗಲೆಂಬುದೊಂದೇ ಅವನ ಮನಸ್ಸಿನಲ್ಲಿದ್ದದ್ದು.

ಆ ಪುರೋಹಿತರನ್ನು ಇವತ್ತಿಗೂ ನಾನು ದೂರುವುದಿಲ್ಲ. ಕಟ್ಟುನಿಟ್ಟಿನ ಮನುಷ್ಯ. ಮೂರು ದಿನ ಬಂದರು, ಮೂರು ದಿನವೂ ಅದೇ ಪ್ರಶ್ನೆಗಳು. ನಿನ್ನ ಹೆಸರೇನು, ಗೋತ್ರವೇನು, ಇವತ್ತು ಯಾವ ವಾರ. ಬುದ್ಧಿ ಸರಿಯಿದೆಯೋ ಎಂದು ನೋಡಲು ಇಷ್ಟು. ಆಮೇಲೆ, ಯಾರಾದರೂ ಒತ್ತಾಯ ಮಾಡಿದ್ದಾರೆಯೇ? ಬದುಕಿದರೆ ಹೀಗೇ ಇರಬೇಕಾಗುತ್ತದೆ, ಗೊತ್ತೇ? ಮೂರು ದಿನವೂ ಒಂದೇ ಉತ್ತರ ಕೊಟ್ಟೆ. ಮೂರನೆಯ ದಿನ ಅವರು, ಹೆಂಡತಿಯ ಒಪ್ಪಿಗೆ ಇಲ್ಲದೆ ಆಗುವುದಿಲ್ಲ, ಅವಳನ್ನು ಕರೆಯಿರಿ ಎಂದರು.

ಕಾವೇರಿ ಊರಿನಿಂದ ಬಂದಿದ್ದ ಅತ್ತಿಗೆಯ ಜೊತೆ ಜಗಲಿಯ ಆಚೆ ತುದಿಯಲ್ಲಿದ್ದಳು. ಬಂದು ಬಾಗಿಲಲ್ಲಿ ನಿಂತಳು.

"ಅವ್ರ್ ಹ್ಯಾಂಗ್ ಹೇಳ್ತ್ರೋ ಹಾಂಗೆ" ಎಂದಳು.

"ಹಾಂಗಲ್ಲ ಮಗಾ, ನಿನ್ ಮನ್ಸಿಗೆ ಒಪ್ಪಿತ್ತಾ ಇಲ್ಲ್ಯಾ? ನಿನ್ ಬಾಯಲ್ಲೇ ಬರ್ಕ್."

ಅವಳು ನನ್ನನ್ನು ನೋಡಿದಳು. ಬೇಡ ಅನ್ನುತ್ತಾಳೆ ಎಂದು ಒಂದು ಕ್ಷಣ ಆಸೆಯಾಯಿತು. ಆ ಆಸೆಯನ್ನು ನಾನೇ ಹೊಸಕಿಹಾಕಿ, ಹೂಂ ಅನ್ನು ಎಂಬಂತೆ ಕಣ್ಣು ಮುಚ್ಚಿ ತೆರೆದೆ.

"ಒಪ್ಪಿದೆ" ಎಂದಳು.

ಅವತ್ತೇ ನಡೆಯಿತು. ಜುಟ್ಟು ಕತ್ತರಿಸಿದರು, ಜನಿವಾರ ತೆಗೆದರು, ಕಾವಿಯ ತುಂಡೊಂದನ್ನು ಹೊದೆಸಿದರು. ಡಾಕ್ಟರು ಜಗಲಿಯಲ್ಲಿ ಮುಖ ತಿರುಗಿಸಿ ನಿಂತಿದ್ದರಂತೆ. ಆಮೇಲೆ ಕಾವೇರಿ ಒಳಗೆ ಬರುವಂತಿರಲಿಲ್ಲ. ಅಣ್ಣಯ್ಯ ತುಟಿಗೆ ನೀರು ಒರೆಸುತ್ತ ಕೂತ. ಸೂಜಿ ಬಿಟ್ಟ ಮೇಲಿನ ಎರಡು ದಿನದ ನೋವನ್ನು ಬರೆಯಲು ನನ್ನಿಂದಾಗದು.

ಮೂರನೆಯ ಬೆಳಿಗ್ಗೆ ಕೆಮ್ಮು ಬಂತು. ನಿಲ್ಲದ ಕೆಮ್ಮು. ಎದೆಯೊಳಗೆ ಏನೋ ಒಡೆದಂತಾಗಿ, ಕಾಫಿಯ ಗಸಿಯ ಬಣ್ಣದ ಮಂದವಾದ ಕೀವು ಬಾಯಿಗೆ ಬಂತು. ಅಣ್ಣಯ್ಯ ಪ್ರಾಣ ಹೋಗುತ್ತಿದೆಯೆಂದು ನಾರಾಯಣ ನಾರಾಯಣ ಎನ್ನುತ್ತಿದ್ದಾನೆ, ಬೋಗುಣಿ ತುಂಬುತ್ತಿದೆ, ನನಗೆ ಮಾತ್ರ ಮೂರು ತಿಂಗಳಲ್ಲಿ ಮೊದಲ ಸಲ ಉಸಿರು ತಳದವರೆಗೆ ಹೋಗುತ್ತಿದೆ. ಓಡಿಬಂದ ಡಾಕ್ಟರು ಬೋಗುಣಿಯನ್ನು ನೋಡಿ ಹಣೆ ಚಚ್ಚಿಕೊಂಡರು.

"ಗಡ್ಡೆ ಅಲ್ಲ ಮಾರಾಯ್ರೆ! ಕೀವ್! ಲಿವರಿನ ಕೀವ್ ಎದಿಗ್ ಒಡ್ದಿತ್. ನಾ ಎಂಥ ಕುರ್ಡ!"

ಅದಕ್ಕೆ ಆಗಲೇ ಒಳ್ಳೆಯ ಸೂಜಿಮದ್ದಿತ್ತು. ಹತ್ತು ದಿನ ಕೊಟ್ಟರು. ಸನ್ಯಾಸಿಗೆ ಔಷಧ ಆಗುತ್ತದೋ ಇಲ್ಲವೋ ಎಂದು ಅಣ್ಣಯ್ಯ ಅನುಮಾನಿಸಿದಾಗ, ಡಾಕ್ಟರು ಜೀವಮಾನದಲ್ಲಿ ಬೈಯದ ಬೈಗುಳ ಬೈದರಂತೆ. ಜ್ವರ ಬಿಟ್ಟಿತು. ಗಂಜಿ ರುಚಿಸಿತು. ಬದುಕಿದೆ ಎಂದು ಖಾತ್ರಿಯಾದ ದಿನ ಅಣ್ಣಯ್ಯನನ್ನು ಕೇಳಿದೆ, "ಕಾವೇರಿ ಎಲ್ಲಿತ್?"

ಅವನು ನನ್ನ ಕಾಲಿನ ಬದಿ ನೋಡಿದ. ಆಮೇಲೆ ನನಗಿಂತ ಹತ್ತು ವರ್ಷ ಹಿರಿಯ, ನನ್ನನ್ನು ಹೆಗಲ ಮೇಲೆ ಹೊತ್ತು ಬೆಳೆಸಿದವನು, ಕೈಮುಗಿದು ಹೇಳಿದ: "ಸ್ವಾಮಿಗಳ್ ಹಾಂಗೆಲ್ಲ ಕೇಣುಕಾಗ."

ಅವಳನ್ನು ಅವಳ ಅಪ್ಪ ಬೈಂದೂರಿಗೆ ಕರೆದುಕೊಂಡು ಹೋಗಿಯಾಗಿತ್ತು.

ಆಸ್ಪತ್ರೆ ಬಿಡುವ ಹಿಂದಿನ ಸಂಜೆ ಡಾಕ್ಟರು ಮತ್ತೆ ಸ್ಟೂಲ್ ಎಳೆದು ಕೂತರು. "ಅವತ್ತ್ ಕಾನೂನ್ ಇದ್ದಿದ್ರೆ ನಾನೂ ನಿಮ್ ಪುರೋಹಿತ್ರ್ ಕೇಂಡದ್ದನ್ನೇ ಕೇಂತಿದ್ದೆ. ನೀವೂ ಅದೇ ಉತ್ರ ಕೊಡ್ತಿದ್ರಿ. ಎಲ್ಲಾ ಸರಿ ಇರ್ತಿತ್. ನಾ ಹೇಳಿದ್ ಗಡ್ಡೆ ಒಂದ್ ಮಾತ್ರ ಸುಳ್ಳ್" ಎಂದರು.

"ಶೀನಪ್ಪಂದ್?" ಎಂದು ಕೇಳಿದೆ.

ಪಕ್ಕದ ಮಂಚದಲ್ಲಿ ಶೀನಪ್ಪ ಕಣ್ಣು ತೆರೆದು ಮಲಗಿದ್ದ. ಅವನ ಕಾಯಿಲೆ ಸುಳ್ಳಾಗಿರಲಿಲ್ಲ. ನೀರೂ ಇಳಿಯದೆ ಇನ್ನೂ ಒಂದು ತಿಂಗಳಿಗೂ ಹೆಚ್ಚು ಬದುಕಿದ. ದಿನವೂ ಅದೇ ಬರೆಯುತ್ತಿದ್ದನಂತೆ, ಅಕ್ಷರ ಕೆಡುವ ತನಕ. ಅವನನ್ನು ನೆನೆದರೆ ಡಾಕ್ಟರು ಆಮೇಲಿನ ವರ್ಷಗಳಲ್ಲೂ, "ಅವ್ನ ಮಾತ್ ನಾ ಕೇಣ್ಕಿತ್ತಾ ಎಂತ್ಯೋ" ಎನ್ನುತ್ತಿದ್ದರು. ನನ್ನ ಕಥೆ ಕೇಳಿದವರು ಇಂಥ ಕಾನೂನೇ ಬೇಡ ಎನ್ನುತ್ತಾರೆ. ಶೀನಪ್ಪನ ಕಥೆಯನ್ನೂ ಹೇಳಿದರೆ ಸುಮ್ಮನಾಗುತ್ತಾರೆ. ನಾನೂ ಇವತ್ತಿನ ತನಕ ಅಲ್ಲೇ ನಿಂತಿದ್ದೇನೆ.

ಇನ್ನು ನನ್ನನ್ನು ಎಲ್ಲಿಡುವುದು? ನಮ್ಮ ಕೋಟ ಬ್ರಾಹ್ಮಣರಿಗೆ ಸಾಲಿಗ್ರಾಮದ ನರಸಿಂಹ ದೇವರೇ ಗುರು. ಮನುಷ್ಯರು ಗುರುವಾಗಿ ಕೂತ ಮಠ ನಮಗಿಲ್ಲ. ಸತ್ತ ಸನ್ಯಾಸಿಯಾದರೆ ಸಮಾಧಿ ಮಾಡುತ್ತಿದ್ದರು. ಬದುಕಿದ ಸನ್ಯಾಸಿಯನ್ನು ಏನು ಮಾಡಬೇಕೆಂದು ಯಾರಿಗೂ ತಿಳಿಯಲಿಲ್ಲ. ಕೊನೆಗೆ ಕೊಲ್ಲೂರಿನಲ್ಲಿ ಈ ಕೋಣೆ ಸಿಕ್ಕಿತು. ಒಂದಿಷ್ಟು ಮಕ್ಕಳಿಗೆ ಅಕ್ಷರ ಹೇಳಿಕೊಡುತ್ತ ಉಳಿದೆ. ಯಾರೇ ಬಂದರೂ ಕಾಲಿಗೆ ಬೀಳುತ್ತಾರೆ. ನಾನು ಮರುವಂದನೆ ಮಾಡುವಂತಿಲ್ಲ, ಆಶೀರ್ವಾದವನ್ನೂ ಮಾಡುವಂತಿಲ್ಲ, 'ನಾರಾಯಣ' ಎನ್ನಬೇಕು ಅಷ್ಟೆ.

ಎರಡು ವರ್ಷ ಹೀಗೆ ಕಳೆಯಿತು. ಅವಳು ಮನಸಾರೆ ಒಪ್ಪಿದಳು, ನನ್ನಿಂದ ಅವಳಿಗೆ ಬಿಡುಗಡೆಯಾಯಿತು ಎಂದುಕೊಂಡು ದಿನ ದೂಡುತ್ತಿದ್ದೆ. ಆಗ ಅತ್ತಿಗೆ ದೇವಿಯ ದರ್ಶನಕ್ಕೆಂದು ಬಂದವಳು ನನ್ನ ಬಾಗಿಲಲ್ಲಿ ಕೂತು ಅಳತೊಡಗಿದಳು.

"ಅವತ್ತ್ ಜಗಲಿಯಗೆ ಆ ಹೆಣ್ಣ್ ಒಪ್ಪುದೇ ಇಲ್ಲೆ ಅಂತ ಕೂಕಂಡಿತ್. ನಾನೇ ಹೇಳ್ದೆ, ನೀ ಬ್ಯಾಡ ಅಂದ್ರೆ ಅವ್ರ್ ಜೀವ ಹೋತಿಲ್ಲೆ, ಅವ್ರ್ ನರಳೂದೆಲ್ಲ ನಿನ್ ತಲೆ ಮೇಲೆ ಅಂತ. ಒಳ್ಳೇದಕ್ಕೇ ಹೇಳಿದ್ದ್. ಹಿಂಗ್ ಆತ್ ಅಂತ ಯಾರಿಗ್ ಗೊತ್ತಿತ್?"

ಪುರೋಹಿತರು ನನ್ನನ್ನು ಕೇಳಿದ್ದರು, ಒತ್ತಾಯ ಉಂಟೇ ಎಂದು. ಅವಳನ್ನು ಯಾರೂ ಅದನ್ನು ಕೇಳಿರಲಿಲ್ಲ. ಅವಳಿಗೋಸ್ಕರ ನಾನು ಸಾಯಲು ಹೊರಟೆ, ನನಗೋಸ್ಕರ ಅವಳು ಕಳಿಸಲು ಒಪ್ಪಿದಳು, ಇಬ್ಬರಿಗೂ ಅದು ಬೇಕಿರಲಿಲ್ಲ. ಮೈಯೆಲ್ಲ ಉರಿದಂತಾಯಿತು. ಮರುದಿನ ಬೆಳಕು ಹರಿಯುವಾಗಲೇ ಬೈಂದೂರಿನ ದಾರಿ ಹಿಡಿದು ನಡೆದೆ.

ಸಂಜೆ ತಲುಪಿದಾಗ ಮಾವ ಓಡಿಬಂದು ಕಾಲು ತೊಳೆದರು, ಎಲ್ಲರೂ ಸಾಲಾಗಿ ಬಿದ್ದರು. ಕಾವೇರಿ ಬೀಳಲಿಲ್ಲ. ಕಂಬ ಹಿಡಿದು ನಿಂತು, "ಎಷ್ಟ್ ಬಡ್ಕ್ ಆಯ್ರಿ" ಎಂದಳು. ಮಾವ ಹಾಲು ತರುವ ನೆಪ ಹೇಳಿ ಎಲ್ಲರನ್ನೂ ಒಳಗೆ ಕರೆದುಕೊಂಡರು. ಪುಣ್ಯಾತ್ಮ.

ಅವಳ ಹುಬ್ಬಿನ ಗಾಯದ ಕಥೆ ಹೇಳಿದೆ. ಅತ್ತಿಗೆ ಹೇಳಿದ್ದನ್ನೂ ಹೇಳಿದೆ. ಅವಳು ನೆಲ ನೋಡುತ್ತ ಕೇಳಿದಳು.

"ಮೊದ್ಲೇ ಹೇಳ್ಕಿತ್. ನಿದ್ರೆ ಬಪ್ಪುದ್ ಎಂಥ ದೊಡ್ಡ ಸಂಗ್ತಿ? ಎರಡ್ ತಿಂಗ್ಳ್ ಅಲ್ಲ, ಎರಡ್ ವರ್ಷ ಬೀಸ್ತಿದ್ದೆ."

"ನಾನ್ ಕಾವಿ ಬಿಡ್ತೆ. ಬತ್ಯಾ? ಘಟ್ಟದ ಮೇಲೆ ಎಲ್ಲಾರೂ ಹೋಪ. ಶಾಲೆ ಕೆಲ್ಸ ಎಲ್ಲಿಯೂ ಸಿಕ್ಕತ್."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. ಆಮೇಲೆ ಹೇಳಿದಳು: "ಈಗ ನಿಮ್ಗೆ ಸಿಟ್ಟ್ ಬಂದಿತ್. ನಂಗೂ ಅಳು ಬತ್ತಾ ಇತ್. ಈಗ ಹೇಳುದ್ ಬ್ಯಾಡ. ಎಂಟ್ ದಿನ ಬಿಟ್ ಬನ್ನಿ. ಆಗ್ಳೂ ಇದೇ ಮನ್ಸಿದ್ರೆ ಮತ್ತೊಂದ್ಸಲ ಕೇಣಿ. ನಾನೂ ಆಗ್ಳೇ ಹೇಳ್ತೆ."

ಅಷ್ಟು ಬುದ್ಧಿ ನಮ್ಮಲ್ಲಿ ಯಾರಿಗೂ ಇರಲಿಲ್ಲ. ಕೊಲ್ಲೂರಿಗೆ ಮರಳಿ ಆರು ದಿನ ಧೈರ್ಯವಾಗಿಯೇ ಇದ್ದೆ. ಏಳನೆಯ ದಿನ ಅಣ್ಣಯ್ಯನ ಕಾಗದ ಬಂತು. ದೊಡ್ಡ ಮಗಳಿಗೆ ಸಂಬಂಧ ಕೂಡಿಬಂದಿದೆಯಂತೆ. ಕಾವಿ ಬಿಟ್ಟವನ ಮನೆಯ ಹೆಣ್ಣನ್ನು ಯಾರು ತರುತ್ತಾರೆ? ಕಾರಣ ಅದೇ ಎಂದು ಬರೆದು ಮುಗಿಸಬಹುದು, ಓದಿದವರು ಒಪ್ಪಿಕೊಳ್ಳಲೂಬಹುದು. ಆದರೆ ಅದೇ ದಿನ ಮಧ್ಯಾಹ್ನ ಒಬ್ಬ ದೊಡ್ಡ ಯಜಮಾನರು ಹೆಂಡತಿ ಮಕ್ಕಳ ಸಮೇತ ನನ್ನ ಕಾಲಿಗೆ ಬಿದ್ದರು. ಅವರ ತಲೆಗಳನ್ನು ಮೇಲಿನಿಂದ ನೋಡುತ್ತ ನಿಂತಾಗ ಅದು ನನಗೆ ಹಿತವಾಗಿತ್ತು. ಘಟ್ಟದ ಮೇಲೆ ಯಾವುದೋ ಊರಿನಲ್ಲಿ, ಜಾತಿಯಿಂದ ಹೊರಗೆ ಹಾಕಿಸಿಕೊಂಡ ಮೇಷ್ಟ್ರಾಗಿ ಬಾಡಿಗೆ ಮನೆ ಕೇಳುತ್ತ ತಿರುಗುವುದನ್ನು ನೆನೆದು ಕಾಲು ಬರಲಿಲ್ಲ. ಎಂಟನೆಯ ದಿನ ನಾನು ಹೋಗಲಿಲ್ಲ. ಒಂಬತ್ತನೆಯ ದಿನ ನಾಚಿಕೆಯಾಗಿ ಹೋಗಲಿಲ್ಲ. ಆಮೇಲೆ ಹೋಗದಿರುವುದೇ ಅಭ್ಯಾಸವಾಯಿತು.

ಒಂದು ವರ್ಷ ಕಳೆದು, ಅಣ್ಣಯ್ಯನ ಮಗಳ ಮದುವೆಯೂ ಮುಗಿದ ಮೇಲೆ ಹೋದೆ. ಗದ್ದೆಯ ಅಂಚಿನಲ್ಲಿ ಅವಳ ತಮ್ಮ ಸಿಕ್ಕಿದ. ಕಾಲಿಗೆ ಬಿದ್ದು, ಎದ್ದು ನಿಂತು, ತಗ್ಗಿದ ಸ್ವರದಲ್ಲಿ ಹೇಳಿದ: "ಆ ಎಂಟನೇ ದಿನ ಅಕ್ಕ ಎರಡ್ ಸೀರೆ ಗಂಟ್ ಕಟ್ಟಿ ಬೆಳಿಗ್ಗೆಯಿಂದ ಜಗಲಿಯಗೇ ಕೂಕಂಡಿತ್. ಅಪ್ಪಯ್ಯನೂ ಎಂತ ಹೇಳ್ಲಿಲ್ಲೆ. ಕತ್ಲಾದ್ ಮೇಲೆ ಎದ್ದ್ ಒಳ್ಗ್ ಹೋಯ್ತ್."

ನನ್ನನ್ನು ಕಂಡು ಕಾವೇರಿ ಒಳಗಿಂದ ಬಂದಳು. ಮುಖದಲ್ಲಿ ಸಿಟ್ಟಿರಲಿಲ್ಲ, ಅತ್ತ ಗುರುತೂ ಇರಲಿಲ್ಲ. ನಾನು ಬಾಯಿ ತೆರೆಯುವ ಮೊದಲೇ ಸೆರಗು ಹೊದ್ದು, ಮಂಡಿಯೂರಿ, ನೆಲಕ್ಕೆ ಹಣೆ ಮುಟ್ಟಿಸಿ ನಮಸ್ಕರಿಸಿದಳು.

"ಸ್ವಾಮಿಗಳೇ, ಭಿಕ್ಷೆ ಇಲ್ಲೇ ಆಯ್ಕ್" ಎಂದಳು.

ನಾನು "ನಾರಾಯಣ" ಎಂದೆ.